ಸ್ಥಳಾಂತರಿತ ಪುಟಗಳ ಮೋಕ್ಷಮಾರ್ಗ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಅಧ್ಯಯನದ ವ್ಯಾಪ್ತಿ ಅನಂತವಾಗಿದ್ದು, ಮಿತಿಯು ತಿಂಗಳಿಗೆ ಎರಡು ಟೆರಾಬೈಟ್ ಆಗಿರುತ್ತದೆ. ಒಂದು ಸಂಸ್ಥೆಯ ಜಾಲತಾಣಕ್ಕೆಂದೇ ಬಾಡಿಗೆಗೆ ಹಿಡಿದ ಡೆಡಿಕೇಟೆಡ್ ಸರ್ವರ್ ಇಲ್ಲಿನ ಅಧ್ಯಯನ ವಸ್ತು. ಅದರ ಲಾಗ್ ಫೈಲುಗಳು ಪ್ರಾಥಮಿಕ ಆಕರ. ಅದರ ಬಗ್ಗೆ ನಡೆದ ಸಭೆಗಳ ನಡಾವಳಿ ದ್ವಿತೀಯಕ ಆಕರ. ಸಭೆ ಮುಗಿದ ಮೇಲೆ ಕಾರಿಡಾರಿನಲ್ಲಿ ಆಡಿದ್ದು ಮೌಖಿಕ ಪರಂಪರೆ. ಈ ಕ್ಷೇತ್ರದಲ್ಲಿ ಈವರೆಗೆ ನಡೆದ ಅಧ್ಯಯನಗಳನ್ನು ಸಮೀಕ್ಷಿಸಲಾಗಿ, ಯಾವುದೂ ನಡೆದಿಲ್ಲವೆಂದು ತಿಳಿದುಬಂದ ಕಾರಣ ಸಮೀಕ್ಷೆಯನ್ನು ಇಲ್ಲಿಗೆ ಮುಕ್ತಾಯಗೊಳಿಸಲಾಗಿದೆ.

ಮೊದಲನೆಯದಾಗಿ, ಅಪರಿಮಿತದ ಪರಿಮಿತಿ. ಸರ್ವರ್ ಬಾಡಿಗೆಗೆ ಕೊಡುವವರ ಜಾಹೀರಾತಿನಲ್ಲಿ ಬ್ಯಾಂಡ್‌ವಿಡ್ತ್ ನಿರ್ಗುಣ, ನಿರಾಕಾರ, ಅನ್‌ಲಿಮಿಟೆಡ್. ಆದರೆ ಸೆಕೆಂಡಿಗೆ ಒಂದು ಗಿಗಾಬಿಟ್ ಹಾಯಿಸುವ ಪೋರ್ಟನ್ನು ಮೂವತ್ತು ದಿನ ಒಂದು ಕ್ಷಣವೂ ಬಿಡುವು ಕೊಡದೆ ಓಡಿಸಿದರೂ ಹೊರಬೀಳುವುದು 324 ಟೆರಾಬೈಟ್ ಮಾತ್ರ. ಅನಂತಕ್ಕೂ ಅಂತ್ಯವುಂಟೆಂಬುದು ಹೀಗೆ ಗುಣಾಕಾರದಿಂದಲೇ ಸಿದ್ಧವಾಗುತ್ತದೆ. ಅಲ್ಲಿಗೆ ಮುಟ್ಟುವ ಎಷ್ಟೋ ಮೊದಲೇ ಕರಾರುಪತ್ರದ ಸಣ್ಣಕ್ಷರದಲ್ಲಿ ಮಲಗಿದ್ದ 'ನ್ಯಾಯಯುತ ಬಳಕೆ' ಎಂಬ ಕಲಮು ಎದ್ದು ಕುಳಿತು ಸಗುಣ ಸಾಕಾರವಾಗುತ್ತದೆ. ನಮ್ಮ ಪಾಲಿಗೆ ಆ ಸಾಕಾರದ ಹೆಸರೇ ಎರಡು ಟೆರಾಬೈಟ್.

ಇದಕ್ಕಿಂತ ಸೂಕ್ಷ್ಮವಾದದ್ದು ತೊಂಬತ್ತೈದನೇ ಪರ್ಸೆಂಟೈಲ್ ದರ್ಶನ. ಈ ಪಂಥದವರು ಐದು ನಿಮಿಷಕ್ಕೊಮ್ಮೆ ವೇಗ ಅಳೆಯುತ್ತಾರೆ. ಮೂವತ್ತು ದಿನಕ್ಕೆ 8,640 ಅಳತೆ. ಅವುಗಳಲ್ಲಿ ಅತಿ ದೊಡ್ಡ 432 ಅಳತೆಗಳನ್ನು ಮನ್ನಾ ಮಾಡಿ, ಅದರ ಕೆಳಗಿನದಕ್ಕೆ ಬಿಲ್ಲು ಕೊಡುತ್ತಾರೆ. ಅಂದರೆ ತಿಂಗಳಲ್ಲಿ ಒಟ್ಟು ಮೂವತ್ತಾರು ಗಂಟೆ ಎಷ್ಟು ಪಾಪವನ್ನಾದರೂ ಮಾಡಬಹುದು, ಚಿತ್ರಗುಪ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಮೂವತ್ತೇಳನೇ ಗಂಟೆಯೂ ಹಾಗೇ ನಡೆದರೆ ಇಡೀ ತಿಂಗಳಿಗೇ ಪಾಪಿಯ ದರ. ಗರುಡಪುರಾಣ ಇಷ್ಟು ಚೌಕಾಸಿಯದಲ್ಲ.

ಸರ್ವರ್‌ಗೆ ಬರುವ ದಟ್ಟಣೆಯನ್ನು ಸಾತ್ವಿಕ, ರಾಜಸ, ತಾಮಸ ಎಂದು ಮೂರಾಗಿ ವಿಂಗಡಿಸಬಹುದು. ಓದಲು ಬಂದವನು ಸಾತ್ವಿಕ. ಲಾಗ್‌ನಲ್ಲಿ ಹುಡುಕಿದರೆ ಸಿಗುತ್ತಾನೆ. ಹಗಲೂ ರಾತ್ರಿ ಪುಟ ಪುಟವನ್ನೂ ಬಾಚುತ್ತಾ ಹೋಗುವ ಬಾಟುಗಳು ರಾಜಸ. ನಮ್ಮ ಚಿತ್ರವನ್ನು ನಮ್ಮ ಸರ್ವರಿನಿಂದಲೇ ಎಳೆದು ತಮ್ಮ ಪುಟದಲ್ಲಿ ತೋರಿಸುವವರು ತಾಮಸ. ನಾಲ್ಕು ಮೆಗಾಬೈಟಿನ ಒಂದು ದೀಪಾವಳಿ ಚಿತ್ರವನ್ನು ಯಾರೋ ಶುಭಾಶಯದ ತಾಣಕ್ಕೆ ಅಂಟಿಸಿಕೊಂಡು, ದಿನಕ್ಕೆ ಹತ್ತು ಸಾವಿರ ಜನ ಅದನ್ನು ನೋಡಿದರೆ ತಿಂಗಳಿಗೆ 1.2 ಟೆರಾಬೈಟ್. ಶುಭಾಶಯ ಅವರದು, ಎಣ್ಣೆ ನಮ್ಮದು. ಚಿತ್ರದ ಕೋರಿಕೆ ಯಾವ ಪುಟದಿಂದ ಬಂತೆಂದು ನೋಡಿ ತಡೆಯುವ ಎರಡು ಸಾಲು ಬರೆದರೆ ಇದು ಬಹುಮಟ್ಟಿಗೆ ನಿಲ್ಲುತ್ತದೆ. ಆ ಎರಡು ಸಾಲಿಗೆ ಅನುಮೋದನೆ ಕೋರಿದ ಕಡತ ಮೌಖಿಕ ಪರಂಪರೆಗೆ ಸೇರಿದೆ.

ಇನ್ನು ಪ್ರಬಂಧದ ಹೃದಯಭಾಗ: ರಿಡೈರೆಕ್ಟ್‌ನ ರಸಮೀಮಾಂಸೆ. ಪುಟ ಶಾಶ್ವತವಾಗಿ ಬೇರೆ ಕಡೆ ಹೋಗಿದೆ ಎನ್ನುವ 301 ಸ್ಥಾಯೀಭಾವ. ಇದನ್ನು ಒಮ್ಮೆ ಕೇಳಿದ ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. ತಪ್ಪು 301 ಕೊಟ್ಟು ಆಮೇಲೆ ಸರ್ವರಿನಲ್ಲಿ ತಿದ್ದಿಕೊಂಡರೂ ಅದು ಹಳೆಯ ಮಾತಿಗೇ ಅಂಟಿಕೊಂಡಿರಬಹುದು. ಸದ್ಯಕ್ಕೆ ಅಲ್ಲಿ ಹೋಗಿ ಬನ್ನಿ ಎನ್ನುವ 302 ಸಂಚಾರೀಭಾವ. ಭರತನು ಸಂಚಾರಿಗಳನ್ನು ಮೂವತ್ತಮೂರೆಂದು ಎಣಿಸಿದರೆ ಎಚ್‌ಟಿಟಿಪಿಯವರು 302, 303, 307 ಎಂದು ಮೂರಕ್ಕೇ ಮುಗಿಸಿರುವುದು ಪಾಶ್ಚಾತ್ಯ ಭಾವದಾರಿದ್ರ್ಯಕ್ಕೆ ಸಾಕ್ಷಿ. ಭರ್ತಿ ಮಾಡಿದ ಅರ್ಜಿಯೊಂದಿಗೆ ಬಂದವನಿಗೆ 302 ಕೊಟ್ಟರೆ ಬ್ರೌಸರ್ ಸಾಮಾನ್ಯವಾಗಿ ಅರ್ಜಿಯನ್ನು ಅಲ್ಲೇ ಬಿಟ್ಟು ಬರಿಗೈಯಲ್ಲಿ ಮುಂದಕ್ಕೆ ಹೋಗುತ್ತದೆ. 307 ಕೊಟ್ಟರೆ ಅರ್ಜಿ ಸಮೇತ ಹೋಗುತ್ತದೆ. 308 ಸ್ಥಾಯಿಯಾಗಿದ್ದೂ ಅರ್ಜಿಯನ್ನು ಬಿಡದು. ಇದನ್ನು ವೀರರಸಕ್ಕೆ ಸೇರಿಸಬೇಕೋ ಕರುಣಕ್ಕೋ ಎಂಬ ಜಿಜ್ಞಾಸೆ... ಇರಲಿ, ವರ್ಗೀಕರಣ ಸಾಕು.

ರಿಡೈರೆಕ್ಟ್ ಸುತ್ತು ಬಿದ್ದಾಗ ಮಾತ್ರ ಭವಚಕ್ರದ ದರ್ಶನವಾಗುತ್ತದೆ. ಮುಂದೆ ನಿಂತ ಪ್ರಾಕ್ಸಿ ಓದುಗನೊಂದಿಗೆ ಬೀಗ ಹಾಕಿದ ಎಚ್‌ಟಿಟಿಪಿಎಸ್‌ನಲ್ಲಿ ಮಾತಾಡಿ, ಹಿಂದಿರುವ ಸರ್ವರ್‌ನೊಂದಿಗೆ ಬರೀ ಎಚ್‌ಟಿಟಿಪಿಯಲ್ಲಿ ಮಾತಾಡುತ್ತದೆ. ಸರ್ವರ್ 'ಬೀಗ ಹಾಕಿಕೊಂಡು ಬಾ' ಎಂದು ವಾಪಸು ಕಳಿಸುತ್ತದೆ. ಓದುಗ ಹಾಕಿಕೊಂಡೇ ಬಂದಿದ್ದಾನೆ; ಮತ್ತೆ ಬರುತ್ತಾನೆ; ಮತ್ತೆ ಅದೇ ಮಾತು. ಜೀವಾತ್ಮನಿಗೆ ಎಂಬತ್ತನಾಲ್ಕು ಲಕ್ಷ ಜನ್ಮಗಳ ಅವಕಾಶವಿದ್ದರೆ ಕ್ರೋಮ್ ಇಪ್ಪತ್ತಕ್ಕೇ ಕೈಮುಗಿಯುತ್ತದೆ.

ಪ್ರಸ್ತುತ ಸಂಶೋಧಕನು ಈಗ ಕ್ಷೇತ್ರಕಾರ್ಯದ ಫಲಿತಾಂಶಗಳನ್ನು ಮಂಡಿಸತಕ್ಕದ್ದು. ಹೊಸ ವಿನ್ಯಾಸದ ತಾಣ ಬಂತು. ಹಳೆಯ ತಾಣದ ಲೇಖನಗಳ ವಿಳಾಸದಲ್ಲಿ ಶೀರ್ಷಿಕೆ ಕನ್ನಡದಲ್ಲೇ ಇತ್ತು. ಸರ್ವರ್‌ಗೆ ಹೋಗುವ ಹೊತ್ತಿಗೆ ಅಂಥ ವಿಳಾಸದ ಕನ್ನಡ ಭಾಗದ ಪ್ರತಿ ಬೈಟೂ ಶೇಕಡಾ ಚಿಹ್ನೆ ಹೊತ್ತ ಮೂರು ಅಕ್ಷರವಾಗುತ್ತದೆ. 'ಕನ್ನಡ' ಎಂಬಷ್ಟಕ್ಕೇ ನಲವತ್ತೈದು. ಗುತ್ತಿಗೆ ಪಡೆದವರು ಈ ಸರಮಾಲೆಯನ್ನು ಹಾಗೇ ನಕಲಿಸಿ ಅಪಾಚೆಯ ರಿಡೈರೆಕ್ಟ್ ನಿಯಮಗಳಲ್ಲಿ ಗುರಿಯ ಜಾಗಕ್ಕೆ ಅಂಟಿಸಿದರು. ಅಪಾಚೆ ತನ್ನ ಧರ್ಮದಂತೆ ಶೇಕಡಾ ಚಿಹ್ನೆಯನ್ನೂ ಮತ್ತೊಮ್ಮೆ ಸಂಕೇತಿಸಿ %25 ಮಾಡಿತು. ಹಾಗೆ ಮಾಡಬೇಡ ಎನ್ನಲು ನಿಯಮದ ಕೊನೆಗೆ ಎನ್‌ಇ ಎಂಬ ಎರಡಕ್ಷರ ಸಾಕು. ಯಾರೂ ಹಾಕಲಿಲ್ಲ. ಇಂಗ್ಲಿಷ್ ವಿಳಾಸವಿದ್ದ ಟೆಂಡರ್, ನೇಮಕಾತಿ ಪುಟಗಳು ಸುಖವಾಗಿ ಹೊಸ ಮನೆ ಸೇರಿದವು. ಕನ್ನಡದ್ದು ಒಂದೂ ಸೇರಲಿಲ್ಲ.

ನಾನು ಇದನ್ನು ಸಮಿತಿಯ ಸಭೆಯಲ್ಲಿ ಹೇಳಿದೆ. "ಅಷ್ಟೇ ತಾನೇ ಸರ್, ಸಿಗದೇ ಇರೋದನ್ನೆಲ್ಲಾ ಹೋಮ್ ಪೇಜಿಗೆ ಹೊಡೆದುಬಿಡೋಣ" ಎಂದರು. ಹೊಡೆದರು. ಮುಂದಿನ ವರದಿಯಲ್ಲಿ '404 ದೋಷಗಳು: ಶೂನ್ಯ' ಎಂದು ದಪ್ಪಕ್ಷರದಲ್ಲಿ ಬಂತು. ಬರದೇ ಇನ್ನೇನು? ಇಲ್ಲ ಎಂದು ಹೇಳುವ ಬಾಯನ್ನೇ ಹೊಲಿದ ಮೇಲೆ ಎಲ್ಲವೂ ಇದೆ. ಗೂಗಲ್ ಕೂಡ ಇಂಥ ಸಗಟು ಮುಖಪುಟ ಯಾತ್ರೆಯನ್ನು ನಂಬುವುದಿಲ್ಲ, 'ಪುಟ ಇಲ್ಲ' ಎಂದೇ ಬರೆದುಕೊಳ್ಳುತ್ತದೆ. ನಂಬಿದ್ದು ಸಮಿತಿ ಮಾತ್ರ.

ಇಲ್ಲಿಂದ ಮುಂದಿನದು ಬರೀ ಲೆಕ್ಕ. ಸಾವಿರ ಪದದ ಕನ್ನಡ ಲೇಖನ ಸುಮಾರು 25 ಕಿಲೋಬೈಟ್. ಕುಗ್ಗಿಸಿ ಕಳಿಸಿದರೆ ಅದಕ್ಕಿಂತ ಎಷ್ಟೋ ಕಡಿಮೆ. ಹೊಸ ಮುಖಪುಟದಲ್ಲಿ ತಾವಾಗಿ ಸರಿಯುವ ಐದು ಫೋಟೊ, ತಲಾ ಮೂರು ಮೆಗಾಬೈಟ್: ದೀಪ ಬೆಳಗುವುದು, ಶಾಲು ಹೊದಿಸುವುದು, ಮತ್ತೆ ಶಾಲು ಹೊದಿಸುವುದು. ಲೇಖನ ಕೇಳಿ ಬಂದವನಿಗೆ ಲೇಖನ ಕೊಡದೆ, ಅಂಥ ಆರುನೂರು ಲೇಖನಗಳ ಭಾರದ ಶಾಲುಗಳನ್ನು ಹೊರಿಸಿ ಕಳಿಸುತ್ತಿದ್ದೆವು. ತಿಂಗಳ ಇಪ್ಪತ್ತರ ಹೊತ್ತಿಗೆ ಎರಡು ಟೆರಾಬೈಟ್ ಮುಗಿದು, ಪೋರ್ಟ್ ಹತ್ತು ಮೆಗಾಬಿಟ್‌ಗೆ ಇಳಿಯಿತು. ಆ ವೇಗದಲ್ಲಿ ಆ ಮುಖಪುಟ ಒಬ್ಬನೇ ಓದುಗನಿಗೆ ತೆರೆಯಲು ಹನ್ನೆರಡು ಸೆಕೆಂಡ್ ಬೇಕು. ಇಬ್ಬರಿದ್ದರೆ ಲೆಕ್ಕ ನೀವೇ ಹಾಕಿ. ಸಮಿತಿಯ ನಿರ್ಣಯ: ಹೆಚ್ಚಿನ ಬ್ಯಾಂಡ್‌ವಿಡ್ತ್ ಖರೀದಿಗೆ ಟೆಂಡರ್.

ಆ ವಿಳಾಸಗಳ ಹಿಂದೆ ಏನಿತ್ತು ಎಂದು ಯಾರೂ ಕೇಳಲಿಲ್ಲ. ತೀರಿಹೋದ ಒಬ್ಬ ಭಾಗವತರ ದೀರ್ಘ ಸಂದರ್ಶನವಿತ್ತು. ಒಂದೇ ತಾಲೂಕಿನ ಭತ್ತದ ತಳಿಗಳ ಹೆಸರುಗಳನ್ನು ನಿವೃತ್ತ ಮೇಷ್ಟ್ರೊಬ್ಬರು ವರ್ಷಗಟ್ಟಲೆ ಕೂಡಿಹಾಕಿದ ಪಟ್ಟಿಯಿತ್ತು. ವಿಕಿಪೀಡಿಯದ ಅಡಿಟಿಪ್ಪಣಿಗಳು ಇವನ್ನು ನಂಬಿ ನಿಂತಿದ್ದವು. ಈಗ ಅವನ್ನು ಒತ್ತಿದರೆ ಶಾಲು ಕಾಣುತ್ತದೆ. ತೆಗೆದುಹಾಕಿದ್ದರೆ ತೆಗೆದುಹಾಕಿದ್ದೇವೆ ಎನ್ನಬಹುದಿತ್ತು, ಅದಕ್ಕೆಂದೇ 410 ಇದೆ. ಆದರೆ ತೆಗೆದಿಲ್ಲ! ಎಲ್ಲವೂ ಅದೇ ಡಿಸ್ಕಿನಲ್ಲಿ, ಹೊಸ ಫೋಲ್ಡರಿನಲ್ಲಿ ಕೂತಿವೆ. ದಾರಿ ಮಾತ್ರ ಇಲ್ಲ.

ಜನ ಇವತ್ತಿಗೂ ಹಳೆಯ ವಿಳಾಸಗಳನ್ನೇ ಕೇಳುತ್ತಿದ್ದಾರೆ. ಕೇಳಿದ್ದೆಲ್ಲ ಲಾಗ್‌ನಲ್ಲಿ ಸಾಲು ಸಾಲಾಗಿ ಬೀಳುತ್ತಿದೆ; ಯಾವ ಹಳೆಯದಕ್ಕೆ ಯಾವ ಹೊಸದು ಎಂದು ಕೂತು ಪಟ್ಟಿ ಮಾಡಲು ಅಷ್ಟು ಸಾಕು. ಆದರೆ ಆ ಸರ್ವರ್ ಲಾಗ್‌ಗಳನ್ನು ಹದಿನಾಲ್ಕು ದಿನ ಇಟ್ಟುಕೊಂಡು ಅಳಿಸುತ್ತದೆ. ಪಾಸ್‌ವರ್ಡ್ ಈಗ ನನ್ನ ಹತ್ತಿರ ಇಲ್ಲ. ಇರುವವರು ಯಾರೇ ಆಗಲಿ, ದಯವಿಟ್ಟು ಇವತ್ತೇ ಆ ಲಾಗ್‌ಗಳದ್ದೊಂದು ಕಾಪಿ ಮಾಡಿಟ್ಟುಕೊಳ್ಳಿ. ಸಮಿತಿ ಸೇರುವುದು ಮುಂದಿನ ತಿಂಗಳಂತೆ.