ಮುಂಬೈಗೆ ಹೋಗಿ ಸಾರನ್ನ

ಬೆಂಗಳೂರಲ್ಲಿ ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಮುಂಬೈ ಮುಟ್ಟಲು ಹೆಚ್ಚುಕಡಿಮೆ ಒಂದಿಡೀ ದಿನ. ಸಣ್ಣ ರಜೆಯ ದೊಡ್ಡ ಪಾಲನ್ನು ರೈಲೇ ನುಂಗುತ್ತದೆ. ನಷ್ಟವೇನಿಲ್ಲ ಬಿಡಿ. ಕಲಬುರಗಿ ಬರುವಷ್ಟರಲ್ಲಿ ಎದುರು ಸೀಟಿನ ಅಜ್ಜಿ "ಯಾವೂರು ತಮ್ಮಾ, ಯಾರ ಪೈಕಿ?" ಎಂದು ನನ್ನ ವಂಶವೃಕ್ಷವನ್ನೇ ಅಲ್ಲಾಡಿಸಿದ್ದರು.

ಇಳಿಯುವುದು 1887ರಲ್ಲಿ ಕಟ್ಟಿ ಮುಗಿಸಿದ, ಈಗ ಯುನೆಸ್ಕೊ ಪಟ್ಟಿಯಲ್ಲಿರುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ. ಅದರ ಗುಮ್ಮಟವನ್ನು ಕತ್ತೆತ್ತಿ ನೋಡಲು ಹೋದರೆ ಹಿಂದಿನ ಜನ ನಿಮ್ಮನ್ನು ತಳ್ಳಿಕೊಂಡೇ ಬೀದಿಗೆ ತಲುಪಿಸುತ್ತಾರೆ.

ಲೋಕಲ್ ರೈಲಿನಲ್ಲೂ "ಎಲ್ಲಿ ಇಳೀತೀರಿ?" ಎಂದು ಕೇಳುತ್ತಾರೆ. ಅದು ಅಕ್ಕರೆಯಲ್ಲ, ನಿಮ್ಮ ಸೀಟಿನ ಬುಕಿಂಗು. ಮೂವರ ಸೀಟಿನ ಅಂಚಿನಲ್ಲಿ ನಾಲ್ಕನೆಯವರಾಗಿ ಕೂರುವುದಂತೂ ಯೋಗಾಸನದ ಒಂದು ಭಂಗಿ.

ವಡಾಪಾವ್ ತಿನ್ನಲೆಂದೇ ಹೊರಟ ನನ್ನಾಕೆ ಕೊನೆಗೆ ಕೂತದ್ದು ಮಾಟುಂಗಾದಲ್ಲಿ, 1942ರಲ್ಲಿ ಎ. ರಾಮ ನಾಯಕರು ಶುರುಮಾಡಿದ ಉಡುಪಿ ಊಟದ ಮನೆಯ ಬಾಳೆಎಲೆ ಮುಂದೆ.

"ವಡಾಪಾವ್?" ಎಂದೆ.

"ಬೆಂಗಳೂರಲ್ಲೇ ಸಿಗತ್ತಲ್ರೀ" ಎನ್ನುತ್ತಾ ಇನ್ನೊಂದು ಸೌಟು ಸಾರು ಹಾಕಿಸಿಕೊಂಡಳು.