ಸುರಕ್ಷತೆ ಸ್ಟೋರಿನಲ್ಲಿದೆ

ಜೋಡಿ ಹಳಿಯ ಪಕ್ಕ ಜೀಪು ನಿಂತಿತು. ಸಾಹೇಬರಿಗಿಂತ ಮೊದಲು ಫೋಟೋಗ್ರಾಫರ್ ಇಳಿದ.

"ಹೆಲ್ಮೆಟ್‌ಗಳೆಲ್ಲಿ?"

"ಸ್ಟೋರಿನಲ್ಲಿ ಭದ್ರವಾಗಿವೆ ಸಾರ್," ಎಂದ ಮೇಸ್ತ್ರಿ. "ನೀವು ಬರೋ ಸುದ್ದಿ ತಡವಾಯ್ತು."

"ರೈಲು ಬರೋದನ್ನು ಕಾಯೋ ಲುಕ್‌ಔಟ್ ಮ್ಯಾನ್?"

"ಅಗೋ, ಜಲ್ಲಿ ಎಳೀತಿದಾನಲ್ಲ, ಅವನೇ. ಬಗ್ಗಿದಾಗ ಜಲ್ಲಿ ನೋಡ್ತಾನೆ, ಎದ್ದಾಗ ರೈಲು. ಆಳು ಕಮ್ಮಿ ಸಾರ್."

ಸಾಹೇಬರು ನಿಯಮ ಪುಸ್ತಕ ತೆರೆದರು. ಹಳಿ ಬಿಚ್ಚಿದ್ದರೆ ಬ್ರಾಡ್‌ಗೇಜ್‌ನಲ್ಲಿ 600 ಮೀಟರ್ ದೂರದಲ್ಲಿ ಕೆಂಪು ಬ್ಯಾನರ್ ಕಟ್ಟಬೇಕು. 1,200 ಮೀಟರ್ ದೂರದಲ್ಲಿ ಹತ್ತತ್ತು ಮೀಟರಿಗೊಂದರಂತೆ ಮೂರು ಡೆಟೊನೇಟರ್ ಇಡಬೇಕು. ಗಂಟೆಗೆ 110 ಕಿ.ಮೀ. ವೇಗದ ಗಾಡಿ ಆ 1,200 ಮೀಟರನ್ನು 40 ಸೆಕೆಂಡಿನೊಳಗೆ ಮುಗಿಸುತ್ತದೆ. ಸಾಹೇಬರ ಓದಿಗೆ ಎರಡು ನಿಮಿಷ ಹಿಡಿಯಿತು.

"ಸುರಕ್ಷತೆ ನೋಡಿಕೊಳ್ಳೋಕೆ ಸ್ವತಂತ್ರ ಪ್ರಾಧಿಕಾರ ಬೇಕು ಅಂತ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಹೇಳಿದೆ, ಗೊತ್ತೇನಯ್ಯಾ?"

"ಬಂತಾ ಸಾರ್?"

"ವರದಿ ಬಂತು."

"ಈಗ ನೋಡಿಕೊಳ್ಳೋರು?"

"ರೈಲ್ವೆ ಸುರಕ್ಷತಾ ಆಯೋಗ ಇದೆ. ರೈಲ್ವೆಯ ಹಂಗು ಇರಬಾರದು ಅಂತ ಅದನ್ನು ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಇಟ್ಟಿದ್ದಾರೆ."

"ಓಹೋ! ಅಷ್ಟೆತ್ತರದಿಂದ ನಮ್ಮ ಗುದ್ದಲಿ ಎಲ್ಲಿ ಕಾಣ್ಬೇಕು ಬಿಡಿ."

ಸಾಹೇಬರು ಎರಡು ಹಳಿಗಳ ನಡುವೆ ನಿಂತೇ ನಮೂನೆಯಲ್ಲಿ 'ಸಿಬ್ಬಂದಿ ಜಾಗರೂಕ' ಎಂಬಲ್ಲಿ ಗುರುತು ಹಾಕತೊಡಗಿದರು. ಹಾರ್ನ್ ಕೇಳಿಸಿತು. ಎಲ್ಲರೂ ಸರಿದರು, ಅವರ ಪೆನ್ನು ಮಾತ್ರ ನಿಲ್ಲಲಿಲ್ಲ. ಮೇಸ್ತ್ರಿ ತೋಳು ಹಿಡಿದು ಎಳೆದ. ಗಾಡಿ ದಾಟಿದ ಮೇಲೆ ಸಾಹೇಬರು ಕನ್ನಡಕ ಸರಿಪಡಿಸಿಕೊಂಡರು.

"ಇಲ್ಲಿ ಲುಕ್‌ಔಟ್ ಮ್ಯಾನ್ ಹೆಸರು ಬರೀಬೇಕಲ್ಲಯ್ಯಾ."

"ಇವತ್ತಿಗೆ ನನ್ನದೇ ಹಾಕ್ಕೊಳ್ಳಿ ಸಾರ್."