ಕಾಲು ನೋಡುವ ಶಾಸ್ತ್ರ

ಗುಬ್ಬಿಯಿಂದ ತುಮಕೂರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಹಾದಿ. ಅಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಊರು, ಮನೆತನ, ವಯಸ್ಸು ಮೂರನ್ನೂ ವಿಚಾರಿಸಿ ಮುಗಿಸಿ, ಹೆಗ್ಗೆರೆ ಬರುವ ಹೊತ್ತಿಗೆ ಕೆಲಸದ ವಿಷಯಕ್ಕೆ ಇಳಿಯುತ್ತಾರೆ. "ಸ್ಕ್ಯಾನಿಂಗ್ ಟ್ರೈನಿಂಗ್ ಮಾಡ್ತಿದೀನಿ" ಅಂದರೆ ಸಾಕು, ದನಿ ತಗ್ಗುತ್ತದೆ, ತೊಡೆಯ ಮೇಲಿನ ಕೈಚೀಲ ಕೆಳಗಿಳಿಯುತ್ತದೆ.

"ನಮ್ಮ ಸೊಸೆಗೆ ಐದು ತಿಂಗ್ಳು ಕಣಮ್ಮ..."

"ನಾನು ಕಾಲು ಸ್ಕ್ಯಾನ್ ಮಾಡೋ ಕಡೆ ಇರೋದು ಆಂಟಿ."

"ಕಾಲಾ?"

"ಕಾಲಿನ ರಕ್ತನಾಳ."

ಕೈಚೀಲ ಮತ್ತೆ ತೊಡೆ ಏರುತ್ತದೆ. ನಾನು ಏನೋ ಬಚ್ಚಿಡುತ್ತಿದ್ದೇನೆ ಅನ್ನುವ ಅನುಮಾನ ಅವರ ಮುಖದಿಂದ ಬಸ್‌ಸ್ಟ್ಯಾಂಡಿನವರೆಗೂ ಇಳಿಯುವುದಿಲ್ಲ.

ಅವರನ್ನು ಅಂದು ಪ್ರಯೋಜನವಿಲ್ಲ. ನಮ್ಮ ಕಡೆ ಸ್ಕ್ಯಾನಿಂಗ್ ಎಂದರೆ ಬಸುರಿ, ಬಸುರಿ ಎಂದರೆ ಸ್ಕ್ಯಾನಿಂಗ್. ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಅಪರಾಧ ಎಂಬ ಬೋರ್ಡು ಪ್ರತಿ ಸ್ಕ್ಯಾನಿಂಗ್ ಕೋಣೆಯಲ್ಲೂ ಇರಲೇಬೇಕು; 1994ರ ಕಾಯ್ದೆ ಅದು. ನಾವು ನೋಡುವುದು ಅರವತ್ತು ದಾಟಿದ ಗಂಡಸರ ಮೊಣಕಾಲಿನ ಕೆಳಗನ್ನೇ ಆದರೂ, ಆ ಬೋರ್ಡಿನ ಕೆಳಗೇ ಅವರನ್ನು ಮಲಗಿಸುತ್ತೇವೆ. ಒಬ್ಬ ಯಜಮಾನರು ಮಲಗಿದಲ್ಲೇ ಅದನ್ನು ಪೂರ್ತಿ ಓದಿ, "ನಂದು ಯಾವ್ದು ಅಂತ ನಂಗೆ ಗೊತ್ತು ಬುಡಿ" ಅಂದರು.

ಅದೇ ಕಾಯ್ದೆಯಿಂದಾಗಿ ನಮ್ಮಲ್ಲಿ ಸ್ಕ್ಯಾನಿಂಗ್ ಯಂತ್ರದ ಪ್ರೋಬು ಅರ್ಹತೆಯಿರುವ ಡಾಕ್ಟರ ಕೈಯಲ್ಲೇ ಇರಬೇಕು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ರಕ್ತನಾಳದ ಸ್ಕ್ಯಾನಿಂಗೇ ಒಂದು ಪ್ರತ್ಯೇಕ ಕಸುಬು, ವ್ಯಾಸ್ಕ್ಯುಲರ್ ಟೆಕ್ನಾಲಜಿಸ್ಟ್ ಎಂದು ಹೆಸರು, ಆರ್‌ವಿಟಿ ಎಂದು ಪರೀಕ್ಷೆ. ಪಾಸಾದವರು ತಾವೇ ಪ್ರೋಬು ಹಿಡಿದು ಕೊರಳಿಂದ ಕಾಲಿನವರೆಗೆ ನೋಡಿ ಬರೆಯುತ್ತಾರೆ, ಡಾಕ್ಟರು ಓದಿ ತೀರ್ಮಾನ ಹೇಳುತ್ತಾರೆ. ನಾನು ಬಿ.ಎಸ್‌ಸಿ. ಇಮೇಜಿಂಗ್ ಟೆಕ್ನಾಲಜಿ ಮುಗಿಸಿ ಅಂಥದೇ ಕನಸು ಕಟ್ಟಿಕೊಂಡು ತುಮಕೂರಿನ ಒಂದು ಆಸ್ಪತ್ರೆಗೆ ತರಬೇತಿಗೆ ಸೇರಿದೆ. ಮೊದಲ ದಿನ ಅಲ್ಲಿನ ಡಾಕ್ಟರ್ ಮೇಡಂ ಪ್ರೋಬು ಹಿಡಿದು ಕೂತು ನನಗೊಂದು ಕೆಲಸ ಕೊಟ್ಟರು.

"ಮೀನಖಂಡ ಹಿಂಡು."

ಹಿಂಡಿದೆ.

"ಬಿಡು."

ಬಿಟ್ಟೆ. ಮೂರು ವರ್ಷದ ಡಿಗ್ರಿ, ಎರಡು ಕ್ರಿಯಾಪದ.

ಆಮೇಲೆ ತಿಳಿಯಿತು, ಅದರೊಳಗೂ ವಿದ್ಯೆಯಿದೆ. ಮೀನಖಂಡ ಹಿಂಡಿದರೆ ರಕ್ತ ಅಭಿಧಮನಿಯಲ್ಲಿ ಮೇಲಕ್ಕೆ ನುಗ್ಗಬೇಕು. ಬಿಟ್ಟಾಗ ವಾಪಸು ಸುರಿಯಬಾರದು, ದಾರಿಯುದ್ದಕ್ಕೂ ಕವಾಟಗಳಿವೆ. ಅವು ಕೆಟ್ಟಿದ್ದರೆ ರಕ್ತ ಹಿಂದಕ್ಕಿಳಿಯುತ್ತದೆ, ಅದೇ ಜನ ಹೇಳುವ "ಉಬ್ಬಿದ ನರ". ನಮ್ಮ ಕನ್ನಡದಲ್ಲಿ ನರ ಎಂದರೆ ಏನೂ ಆಗಬಹುದು. ಸೊಂಟದಿಂದ ಜುಂ ಅನ್ನುವುದೂ ನರ, ಕಾಲಲ್ಲಿ ಹಸಿರಾಗಿ ಹೆಣೆದುಕೊಂಡಿರುವುದೂ ನರ, ಬಾಟ್ಲಿ ಹಾಕುವಾಗ ನರ್ಸಿಗೆ ಸಿಗದೇ ಇರುವುದೂ ನರ. ಪಠ್ಯಪುಸ್ತಕದ ಅಪಧಮನಿ, ಅಭಿಧಮನಿಗಳನ್ನು ಹೊರಗೆ ಹೇಳಿದರೆ ದೇವರ ಹೆಸರೆಂದು ಕೈ ಮುಗಿದಾರು. ಅದಕ್ಕೇ ನಾನು "ಹೃದಯದಿಂದ ಬರೋ ನರ, ಹೃದಯಕ್ಕೆ ಹೋಗೋ ನರ" ಎಂದು ವಿಂಗಡಿಸಿಕೊಂಡೆ. "ಹೋಗ್ ಬರೋ ನರ ಇಲ್ವೇನವ್ವಾ?" ಎಂದು ಒಬ್ಬ ಅಜ್ಜಿ ಕೇಳಿದರು. ಕವಾಟ ಕೆಟ್ಟವರಿಗೆ ಅದೂ ಇದೆ.

ಇನ್ನೊಂದು ಪರೀಕ್ಷೆಯಲ್ಲಿ ರೋಗಿ ಉಸಿರು ಹಿಡಿದು ಹೊಟ್ಟೆ ಬಿಗಿಯಬೇಕು. ಅದನ್ನು ಹೇಳಿಕೊಡುವುದು ನನ್ನ ಪಾಲಿನದು. "ಉಸಿರು ಕಟ್ಟಿ ತಿಣುಕಿ" ಅಂದರೆ ಮಾತ್ರ ಅರ್ಥವಾಗುತ್ತದೆ. ಅರ್ಥವಾದ ಕೂಡಲೇ ರೋಗಿಗಳು ಗಾಬರಿಯಾಗಿ ಬಾತ್‌ರೂಮು ಎಲ್ಲಿ ಎಂದು ಕೇಳುತ್ತಾರೆ. ರಕ್ತ ಹೆಪ್ಪುಗಟ್ಟಿದೆಯೇ ಎಂದು ನೋಡುವುದು ಬೇರೆ ಬಗೆ. ಪ್ರೋಬಿನಿಂದ ಮೆಲ್ಲಗೆ ಒತ್ತಿದರೆ ಸರಿಯಾಗಿರುವ ಅಭಿಧಮನಿ ಕಣ್ಣು ಮುಚ್ಚಿದ ಹಾಗೆ ಮುಚ್ಚಿಕೊಳ್ಳುತ್ತದೆ, ಪಕ್ಕದ ಅಪಧಮನಿ ಗುಂಡಗೆ ಬಿಟ್ಟುಕೊಂಡೇ ಇರುತ್ತದೆ. ಹೆಪ್ಪು ಕೂತಿದ್ದರೆ ಎರಡೂ ಮುಚ್ಚುವುದಿಲ್ಲ. ಒಂದು ದಿನ ನಾನು ಉತ್ಸಾಹದಲ್ಲಿ "ಮೇಡಂ, ಕಣ್ಣು ಹೊಡೀತಾ ಇದೆ!" ಎಂದು ಕೂಗಿದೆ. ಮಂಚದ ಮೇಲಿದ್ದ ಹೈಸ್ಕೂಲು ಮೇಷ್ಟ್ರು ಎದ್ದು ಕೂತು, ತಾವು ಅಂಥವರಲ್ಲ ಎಂದು ಮೇಡಂಗೆ ವಿವರಣೆ ಕೊಟ್ಟರು.

ಬಣ್ಣದ ವಿಷಯದಲ್ಲಿ ನಾನೇ ಮೋಸ ಹೋದೆ. ಸ್ಕೂಲಿನಲ್ಲಿ ಶುದ್ಧ ರಕ್ತಕ್ಕೆ ಕೆಂಪು ಪೆನ್ಸಿಲ್ಲು, ಅಶುದ್ಧಕ್ಕೆ ನೀಲಿ. ಪರದೆಯ ಮೇಲೂ ಕೆಂಪು, ನೀಲಿ ಕಂಡು, "ಇದು ಶುದ್ಧ, ಇದು ಅಶುದ್ಧ" ಅಂದೆ. ಮೇಡಂ ಒಂದು ಗುಂಡಿ ಒತ್ತಿದರು, ಕೆಂಪು ನೀಲಿಯಾಯಿತು, ನೀಲಿ ಕೆಂಪಾಯಿತು. "ಈಗ?" ಪ್ರೋಬಿನ ಕಡೆಗೆ ಬರುವುದಕ್ಕೆ ಒಂದು ಬಣ್ಣ, ದೂರ ಹೋಗುವುದಕ್ಕೆ ಒಂದು ಬಣ್ಣ, ಅಷ್ಟೆ. ಮಡಿಮೈಲಿಗೆ ಯಂತ್ರಕ್ಕೆ ಗೊತ್ತಿಲ್ಲ.

ಬರುವುದು, ಹೋಗುವುದು ಎಂಬ ಲೆಕ್ಕ ಹಾಕಿದ ಪುಣ್ಯಾತ್ಮ ಕ್ರಿಶ್ಚಿಯನ್ ಡಾಪ್ಲರ್. 1842ರಲ್ಲಿ ಪ್ರಾಗ್ ನಗರದಲ್ಲಿ ಕೂತು ಆತ ಯೋಚಿಸುತ್ತಿದ್ದದ್ದು ನಕ್ಷತ್ರಗಳ ಬಣ್ಣದ ಬಗ್ಗೆ, ನಮ್ಮ ಮೇಷ್ಟ್ರ ಕಾಲಿನ ಬಗ್ಗೆ ಅಲ್ಲ. ಮೂರು ವರ್ಷದ ನಂತರ ಹಾಲೆಂಡಿನ ಬೈಸ್ ಬಾಲೊಟ್ ಎಂಬಾತ ಇದನ್ನು ಪರೀಕ್ಷಿಸಲು ರೈಲಿನಲ್ಲಿ ಕಹಳೆಯವರನ್ನು ಹತ್ತಿಸಿ ಒಂದೇ ಸ್ವರ ಊದಿಸಿದ. ಹಳಿಯ ಪಕ್ಕ ಸ್ವರಜ್ಞಾನವಿದ್ದವರನ್ನು ನಿಲ್ಲಿಸಿದ. ಹತ್ತಿರ ಬರುವಾಗ ಸ್ವರ ಏರಿತು, ದಾಟಿ ಹೋಗುವಾಗ ಇಳಿಯಿತು. ಗುಬ್ಬಿಯ ರೈಲ್ವೆ ಗೇಟಿನಲ್ಲಿ ಕಾದವರಿಗೆಲ್ಲ ಇದು ಗೊತ್ತಿದ್ದದ್ದೇ, ನಾವು ಬರೆದಿಡಲಿಲ್ಲ ಅಷ್ಟೆ.

ಆದರೆ ಪ್ರೋಬು ನಾಳಕ್ಕೆ ನೆಟ್ಟಗೆ ತೊಂಬತ್ತು ಡಿಗ್ರಿಯಲ್ಲಿ ನಿಂತರೆ ರಕ್ತ ಬರುತ್ತಲೂ ಇಲ್ಲ, ಹೋಗುತ್ತಲೂ ಇಲ್ಲ, ಲೆಕ್ಕ ಸೊನ್ನೆ. ಮೇಡಂ ಬೇಕೆಂದೇ ಹಾಗೆ ಹಿಡಿದು, "ಏನು ಕಾಣ್ತಿದೆ?" ಅಂದರು. "ರಕ್ತವೇ ಇಲ್ಲ ಮೇಡಂ" ಅಂದೆ. ಮಂಚದ ಮೇಲಿನ ಅಜ್ಜ, "ಅದ್ನೇ ನನ್ ಹೆಂಡ್ತಿ ನಲ್ವತ್ತು ವರ್ಷದಿಂದ ಹೇಳ್ತವ್ಳೆ" ಅಂದರು. ಕೋನ ಅರವತ್ತು ಡಿಗ್ರಿ ದಾಟಬಾರದು ಎಂಬ ಪಾಠ ಅಲ್ಲಿಂದ ಇವತ್ತಿನವರೆಗೂ ಮರೆತಿಲ್ಲ.

ಕೊನೆಗೂ ನನ್ನ ಕೈಗೆಂದು ಬಂದದ್ದು ಪೆನ್ ಡಾಪ್ಲರ್. ಪರದೆಯಿಲ್ಲ, ಚಿತ್ರವಿಲ್ಲ, ಬರೀ ಸದ್ದು. ಪಾದದ ಮೇಲೆ ಜೆಲ್ ಹಚ್ಚಿ ಓರೆಯಾಗಿ ಹಿಡಿದರೆ ನಾಡಿ ಮಾತಾಡುತ್ತದೆ. ಬಿಪಿ ಪಟ್ಟಿಯನ್ನು ತೋಳಿಗೊಮ್ಮೆ, ಕಣಕಾಲಿಗೊಮ್ಮೆ ಕಟ್ಟಿ, ಸದ್ದು ಮರಳುವ ಹೊತ್ತಿನ ಒತ್ತಡ ಬರೆದುಕೊಂಡು, ಕಾಲಿನದನ್ನು ತೋಳಿನದರಿಂದ ಭಾಗಿಸಬೇಕು. ಸುಮಾರು ಒಂದು ಬಂದರೆ ಸರಿ. 0.9ಕ್ಕಿಂತ ಕೆಳಗಾದರೆ ದಾರಿಯಲ್ಲೆಲ್ಲೋ ಅಪಧಮನಿ ಕಟ್ಟಿಕೊಂಡಿದೆ. 1.4 ದಾಟಿದರೆ ನಾಳವೇ ಗಟ್ಟಿಯಾಗಿದೆ, ಸಕ್ಕರೆ ಕಾಯಿಲೆಯವರಲ್ಲಿ ಇದು ಹೆಚ್ಚು. ಲೆಕ್ಕ ಸುಲಭ, ಸದ್ದು ಕಷ್ಟ. "ಟ್ರೈಫೇಸಿಕ್ಕಾ, ಮಾನೋಫೇಸಿಕ್ಕಾ?" ಎಂದು ಮೇಡಂ ಕೇಳಿದರೆ ನನಗೆ ಎಲ್ಲವೂ ರುಬ್ಬುಗುಂಡಿನ ಸದ್ದೇ.

ಇದಕ್ಕೆ ಗುರು ಸಿಕ್ಕಿದ್ದು ಮನೆಯಲ್ಲಿ. ಗುಬ್ಬಿಯಲ್ಲಿ ಎಂಬತ್ತು ದಾಟಿದವರು ಯಾರೂ ವೀರಣ್ಣನವರ ನಾಟಕ ಕಂಪನಿಗೆ ಸಂಬಂಧವಿಲ್ಲದೆ ಇರುವುದಿಲ್ಲ. 1884ರಲ್ಲಿ ಶುರುವಾದ, ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಕಂಪನಿ. ನಮ್ಮ ತಾತನ ಪ್ರಕಾರ ಆ ಆನೆಗೆ ಬೆಲ್ಲ ತಿನ್ನಿಸಿದವರು ಅವರೇ. ವಯಸ್ಸಿನ ಲೆಕ್ಕ ಹಾಕಬಾರದು. ತಬಲಾ ಬಾರಿಸುತ್ತಿದ್ದದ್ದಂತೂ ನಿಜ, ಭಜನೆಗೆ ಈಗಲೂ ಹೋಗುತ್ತಾರೆ. ನಾನು ನನ್ನದೇ ಕಾಲಿನ ಸದ್ದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದು ಕೇಳಿಸಿದೆ. ತಾತ ಕಣ್ಣು ಮುಚ್ಚಿ, ತೊಡೆ ತಟ್ಟಿ, "ತಿಶ್ರ ಕಣೇ. ತ-ಕಿ-ಟ" ಅಂದರು. ಪುಸ್ತಕ ತೆರೆದು ನೋಡಿದೆ: ಮೊದಲು ಮುಂದಕ್ಕೊಂದು ನೂಕು, ಆಮೇಲೆ ಹಿಂದಕ್ಕೊಂದು ಸಣ್ಣ ಎಳೆತ, ಮತ್ತೆ ಮುಂದಕ್ಕೊಂದು ಹೆಜ್ಜೆ. ಮೂರು! ಕಾಯಿಲೆಯ ಕಾಲಿನದನ್ನು ಕೇಳಿಸಿದಾಗ ಮುಖ ಕಿವುಚಿದರು. "ಒಂದೇ ಪೆಟ್ಟು. ಅದೂ ಮಳೇಲಿ ನೆನೆದ ತೊಗಲು." ಅಭಿಧಮನಿಯದಕ್ಕೆ, "ಹಾರ್ಮೋನಿಯಂನೋನು ಬರೀ ತಿದಿ ಒತ್ತಾವ್ನೆ, ಮನೆ ಹಿಡೀತಿಲ್ಲ." ಅಭಿಧಮನಿಯ ಸದ್ದು ಉಸಿರಿನ ಜೊತೆ ಏರಿಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನ್ನ ಇಂಗ್ಲಿಷ್ ಪುಸ್ತಕದಲ್ಲಿಲ್ಲ. ಮಾರನೆಯ ದಿನ ಮೇಡಂಗೆ "ನೆನೆದ ತೊಗಲು" ಅಂದೆ. ಅವರು ಎರಡು ಕ್ಷಣ ನನ್ನನ್ನೇ ನೋಡಿ, ಮಾನೋಫೇಸಿಕ್ ಎಂದು ಬರೆದುಕೊಂಡರು.

ಈ ವಿದ್ಯೆ ತಲೆಗೇರಿತು ಅನ್ನುವುದಕ್ಕಿಂತ ಕಾಲಿಗಿಳಿಯಿತು ಅನ್ನಬೇಕು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಹೋದರೆ ಇಡ್ಲಿಗಿಂತ ಮೊದಲು ಬೆಳಗಿನಿಂದ ನಿಂತೇ ಇರುವ ಭಟ್ಟರ ಕಾಲಿನ ನರ ಕಾಣುತ್ತದೆ. ಬಿ.ಎಚ್. ರಸ್ತೆಯ ಟ್ರಾಫಿಕ್ ಪೊಲೀಸರು, ಬಟ್ಟೆ ಅಂಗಡಿಯ ಹುಡುಗಿಯರು, ಕಂಡಕ್ಟರು, ಎಲ್ಲರೂ ನನಗೆ ಮೊಣಕಾಲಿನ ಕೆಳಗಿನಿಂದಲೇ ಪರಿಚಯ. ಸಿದ್ಧಗಂಗೆಯ ಜಾತ್ರೆಯಲ್ಲಿ ಯಾರೋ ನಮಸ್ಕಾರ ಅಂದರೆ ಚಪ್ಪಲಿ ನೋಡಿ ಗುರುತು ಹಿಡಿದೆ.

ಹೀಗಿರುವಾಗ ಕುಣಿಗಲ್ಲಿನಿಂದ ನನ್ನನ್ನು ನೋಡಲು ಬಂದರು.

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ತಲೆ ತಗ್ಗಿಸಿಕೊಂಡಿರಬೇಕು. ತಗ್ಗಿಸಿದ ತಲೆಗೆ ಕಾಣುವುದು ಏನು? ಕಾಲು. ಕಾಫಿ ಲೋಟಗಳ ಆಚೆ ಐದು ಜೊತೆ ಕಾಲು ಸಾಲಾಗಿ ಕೂತಿದ್ದವು. ಹುಡುಗನದು ಯಾವುದೆಂದು ಸಾಕ್ಸಿನಿಂದಲೇ ತಿಳಿಯಿತು. ಅವನ ತಂದೆ ಪಂಚೆಯುಟ್ಟಿದ್ದರು. ಎಡಗಾಲ ಮೊಳಕಾಲಿನ ಕೆಳಗೆ ಒಂದು ಕೂದಲಿಲ್ಲ, ಚರ್ಮ ಎಣ್ಣೆ ಒರೆಸಿದ ಹಾಗೆ ಮಿರುಗುತ್ತಿತ್ತು. ಬಲಗಾಲಿನಲ್ಲಿ ಕೂದಲಿತ್ತು. ನನ್ನ ಕೈಯ ತಟ್ಟೆ ನಡುಗಿತು. ನಾಚಿಕೆ ಎಂದುಕೊಂಡರು.

ಮಾತು ಕುದುರೆಗೆ ತಿರುಗಿತು. ಕುಣಿಗಲ್ಲಿನವರು ಬಂದಮೇಲೆ ಸ್ಟಡ್ ಫಾರಂ ಬರದೆ ಇರುತ್ತದೆಯೇ. "ಕುದುರೆ ತಗಳೋನು ಮಕ ನೋಡಲ್ಲ, ಮೊದ್ಲು ಕಾಲು ನೋಡ್ತಾನೆ" ಅಂದರು ಯಜಮಾನರು. ನನಗೆ ಅವರ ಮೇಲೆ ಗೌರವ ಹುಟ್ಟಿತು. ಆಮೇಲೆ ಅಮ್ಮ, "ದೊಡ್ಡೋರಿಗೆ ನಮಸ್ಕಾರ ಮಾಡಮ್ಮ" ಅಂದಳು.

ಬಗ್ಗಿದೆ. ಬೆರಳುಗಳು ತಾವಾಗಿಯೇ ಪಾದದ ಮೇಲಿನ ನಾಡಿಗೆ ಹೋದವು. ಬಲಗಾಲಲ್ಲಿ ಟಕ್ ಟಕ್ ಎಂದು ಸಿಕ್ಕಿತು. ಎಡಗಾಲಲ್ಲಿ ಇಲ್ಲ. ಆರೋಗ್ಯವಂತರಲ್ಲೂ ಕೆಲವರಿಗೆ ಆ ಜಾಗದಲ್ಲಿ ನಾಡಿ ಸಿಗುವುದಿಲ್ಲ, ಆದ್ದರಿಂದ ಒಳಹರಡಿನ ಹಿಂದೆಯೂ ನೋಡಬೇಕು ಎಂದು ಪಾಠ. ನೋಡಿದೆ. ಅಲ್ಲೂ ಇಲ್ಲ. ನಮಸ್ಕಾರ ಒಂದು ನಿಮಿಷ ದಾಟಿತು. ಮೇಲಿನಿಂದ ಯಾರೋ ಹೆಂಗಸು, "ಎಂಥಾ ಭಕ್ತಿ ನೋಡ್ರಿ, ಈ ಕಾಲದಲ್ಲಿ!" ಅಂದರು. ಯಜಮಾನರ ಗಂಟಲು ಕಟ್ಟಿತು.

ನಾನು ತಲೆಯೆತ್ತಿ ಮೊದಲ ಸಲ ಬಾಯಿ ಬಿಟ್ಟೆ. "ನಡೆದ್ರೆ ಎಡಗಾಲು ಹಿಡ್ಕೊಳುತ್ತಾ ಮಾವ?"

ಕೋಣೆ ಸ್ತಬ್ಧವಾಯಿತು. ಯಜಮಾನರು ಮಾತ್ರ ಕಣ್ಣರಳಿಸಿದರು. "ಕೆರೆ ಏರಿ ಮೇಲೆ ವಸಿ ದೂರ ಹೋದ್ರೆ ಮೀನಖಂಡ ಕಚ್ಕೊಂಡಂಗಾಯ್ತದೆ. ನಿಂತ್ರೆ ಹೋಯ್ತದೆ. ಜೊತೆಲಿರೋರ್ ಏನಂದ್ಕೊತಾರೋ ಅಂತ ಕೆರೆ ನೋಡೋ ಹಂಗೆ ನಿಂತ್ಕೊತೀನಿ." ಜರ್ಮನ್ನರು ಇದಕ್ಕೆ ಅಂಗಡಿ ಗಾಜು ನೋಡುವ ಕಾಯಿಲೆ ಎಂದೇ ಹೆಸರಿಟ್ಟಿದ್ದಾರೆ, ಅಲ್ಲಿನವರು ನೋವು ಬಂದಾಗ ಅಂಗಡಿ ನೋಡುವವರ ಹಾಗೆ ನಿಲ್ಲುತ್ತಾರಂತೆ. ಕುಣಿಗಲ್ಲಿನಲ್ಲಿ ಅಷ್ಟು ದೊಡ್ಡ ಕೆರೆ ಇರುವಾಗ ಅಂಗಡಿ ಯಾಕೆ?

ಅವರು ಹೋದಮೇಲೆ ಅಮ್ಮ ಕೇಳಿದಳು, "ಹುಡುಗ ಹೆಂಗಿದ್ದ?"

"ಸಾಕ್ಸ್ ಹಾಕಿದ್ದ, ಗೊತ್ತಾಗ್ಲಿಲ್ಲ."

ಮುಂದಿನ ವಾರ ಯಜಮಾನರು ತುಮಕೂರಿಗೆ ಬಂದರು. ತೋಳಿನಲ್ಲಿ 140, ಎಡ ಕಣಕಾಲಿನಲ್ಲಿ 91. ಭಾಗಿಸಿದರೆ 0.65. ಪೆನ್ನು ಇಟ್ಟರೆ ನೆನೆದ ತೊಗಲು. ಮೇಡಂ ಸ್ಕ್ಯಾನ್ ಮಾಡಿ ತೊಡೆಯಲ್ಲಿ ನಾಳ ಕಿರಿದಾದ ಜಾಗ ಹಿಡಿದರು. ಅಲ್ಲಿ ರಕ್ತ ರಭಸವಾಗಿ ಚಿಮ್ಮುತ್ತಿತ್ತು, ತೋಟದ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ ಹಾಗೆ. ಅದರ ಮುಂದೆ ಪಾದಕ್ಕೆ ಹೋಗುವಾಗ ಬರೀ ಜಿನುಗು. ಯಜಮಾನರು ಎಲ್ಲ ಕೇಳಿಸಿಕೊಂಡು, "ಹೇಮಾವತಿ ನಾಲೆ ಅನ್ನಿ. ಮೇಲಿನೋರಿಗೆಲ್ಲ ಬತ್ತದೆ, ಕುಣಿಗಲ್ಲಿಗೆ ಬರಾಕಿಲ್ಲ" ಅಂದರು. ಬೀಡಿ ಬಿಡಬೇಕು, ಮಾತ್ರೆ ತಪ್ಪಿಸಬಾರದು, ದಿನಾ ನಡೆಯಬೇಕು, ನೋವು ಬಂದರೆ ನಿಂತು, ಹೋದಮೇಲೆ ಮತ್ತೆ ನಡೆಯಬೇಕು ಎಂದು ಡಾಕ್ಟರು ಹೇಳಿದರು. ನಡೆದಷ್ಟೂ ಸಣ್ಣ ಸಣ್ಣ ನಾಳಗಳು ಅಡ್ಡದಾರಿ ಮಾಡಿಕೊಳ್ಳುತ್ತವಂತೆ. "ನಾಲೆ ಬರದಿದ್ರೆ ಬೋರ್‌ವೆಲ್ಲು" ಎಂದು ಅದಕ್ಕೂ ಒಪ್ಪಿದರು.

ಸಂಬಂಧ ಕೂಡಲಿಲ್ಲ. ಜಾತಕ ಹೊಂದಲಿಲ್ಲವಂತೆ. ಹುಡುಗನ ಮುಖ ಹೇಗಿತ್ತೆಂದು ನನಗೆ ಇವತ್ತಿಗೂ ತಿಳಿಯದು. ಯಜಮಾನರು ಮಾತ್ರ ಮೂರು ತಿಂಗಳಿಗೊಮ್ಮೆ ಚೀಲದಲ್ಲಿ ನಾಲ್ಕು ತೆಂಗಿನಕಾಯಿ ಹಾಕಿಕೊಂಡು ಬಂದು, ಬೋರ್ಡಿನ ಕೆಳಗೆ ಮಲಗಿ, ಹೇಳುವ ಮೊದಲೇ ಪಂಚೆ ಮೇಲಕ್ಕೆಳೆದುಕೊಂಡು ಎಡಗಾಲು ಮುಂದೆ ಮಾಡುತ್ತಾರೆ. ನಡುನಡುವೆ ಫೋನು ಬರುತ್ತದೆ. ನಿನ್ನೆ ಸಂಜೆಯೂ ಬಂತು. ಹಿನ್ನೆಲೆಯಲ್ಲಿ ಗಾಳಿ, ಜೋರು ಉಸಿರು.

"ಇವತ್ತು ತೂಬಿನ ತನಕ ಬಂದೆ ಕಣಮ್ಮ. ಕೆರೆ ನೋಡ್ಲೇ ಇಲ್ಲ."